ಹತ್ತು ಅಡಿ ಅಗಲ

"ಕಾಲು ಮೊದಲು ಬರಲಿ, ಕಾಲು ಮೊದಲು!" ಎಂದು ಭಾವಮೈದ ಮೆಟ್ಟಿಲ ಕೆಳಗಿನಿಂದ ಕೂಗಿದ. ಮೇಲಿನ ಕೋಣೆಯಿಂದ ಅಂಗಡಿಗೆ ಇಳಿಯುವ ಮೆಟ್ಟಿಲು ಒಬ್ಬರು ಹೋಗುವಷ್ಟೇ ಅಗಲ. ತಿರುವಿನಲ್ಲಿ ಪಕ್ಕದ ಬೇಕರಿಯವನ ಬೆನ್ನು ಗೋಡೆಗೆ ಉಜ್ಜಿ ಅಂಗಿಗೆಲ್ಲ ಸುಣ್ಣ ಮೆತ್ತಿಕೊಂಡಿತು. ಅಂತೂ ಇಂತೂ ಎಣ್ಣೆಯಣ್ಣನನ್ನು ಇಳಿಸಿ, ಅಂಗಡಿಯ ನಡುವೆ ಮಡಿಸುವ ಮಂಚ ಹಾಕಿ ಮಲಗಿಸಿದರು. ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದವನು. ಯಾವ ಮೆಷಿನ್ ಬಂದರೂ "ಮೊದಲು ಒಂದು ತೊಟ್ಟು ಎಣ್ಣೆ ಹಾಕಿ ನೋಡೋಣ" ಎನ್ನುತ್ತಿದ್ದ. ಅರ್ಧಕ್ಕರ್ಧ ಮೆಷಿನ್‌ಗಳು ಅಷ್ಟಕ್ಕೇ ಸರಿಹೋಗಿ ಅವನ ಸಂಪಾದನೆಗೆ ಕಲ್ಲು ಬೀಳುತ್ತಿತ್ತು. ಎಣ್ಣೆಯಣ್ಣ ಎಂಬ ಹೆಸರು ನಿಂತಿದ್ದು ಹಾಗೆ. ಇನ್ನೊಂದು ಎಣ್ಣೆಯನ್ನು ಅವನು ಮೂಸಿಯೂ ನೋಡಿದವನಲ್ಲ.

ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು. ಅಳು ಬಂದಿರಲಿಲ್ಲ. ಬಂದವರು ಬೆನ್ನು ಸವರಿದರೆ ಅದು ಬೇರೆ ಯಾರದೋ ಬೆನ್ನು ಎನ್ನಿಸುತ್ತಿತ್ತು.

"ಅಂಗಡಿ ಎಷ್ಟು ದೊಡ್ಡದಾಗಿ ಕಾಣ್ತಿದೆ," ಎಂದ ಬೇಕರಿಯವನು, ಏನಾದರೂ ಮಾತಾಡಬೇಕಲ್ಲ ಎಂದು.

"ಭಾವ ಬೆಂಚು ಕಿತ್ತುಹಾಕಿದ್ರಲ್ಲ," ಎಂದ ಭಾವಮೈದ.

\* \* \*

ಊರಿನ ದರ್ಜಿಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದ ಮೇಲೆ ರಿಪೇರಿಗೆ ಬರುವ ಮೆಷಿನ್‌ಗಳು ವಾರಕ್ಕೆ ಒಂದೋ ಎರಡೋ ಎಂಬಂತಾಯಿತು. ಆಗ ಅವನಿಗೆ ಹೊಳೆದದ್ದು ಹೊಲಿಗೆ ಕ್ಲಾಸು. ಮೆಷಿನ್ ಅವನ ಬಳಿ ನಾಲ್ಕಿದ್ದವು, ಹೆಂಡತಿಗೆ ಹೊಲಿಯಲೂ ಕಲಿಸಲೂ ಬರುತ್ತಿತ್ತು. ಆರು ಜನ ಹೆಂಗಸರು ಸೇರಿಯೂಬಿಟ್ಟರು. ಹದಿನೈದನೇ ದಿನಕ್ಕೆ ನಗರಸಭೆಯವರು ಬಾಗಿಲಿಗೆ ನೋಟಿಸು ಅಂಟಿಸಿದರು. ಪರವಾನಗಿ ಇರುವುದು ರಿಪೇರಿಗೆ, ಕಲಿಸುವುದಕ್ಕಲ್ಲ. ಕಲಿಸಬೇಕಾದರೆ ಬೇರೆ ಅರ್ಜಿ, ಜೊತೆಗೆ ಹತ್ತು ಅಡಿ ಅಗಲದ ಖಾಲಿ ಜಾಗ.

ಅರ್ಜಿ ಹಾಕಿದ. ಅಳತೆಯವನು ಬಂದು ಎಂಟು ಅಡಿ ಎಂದು ಬರೆದುಕೊಂಡು ಹೋದ. ಕೆಲಸದ ಬೆಂಚು ಗೋಡೆಗೆ ಕೂಡಿಸಿದ್ದರಿಂದ ಬೆಂಚನ್ನೂ ಗೋಡೆ ಎಂದೇ ಹಿಡಿದಿದ್ದ. ಮುಂದಿನ ಸರದಿ ಬರಲು ಹತ್ತು ತಿಂಗಳು ಹಿಡಿಯಿತು. ಕಳೆದ ವಾರ ಅಳತೆಯ ತಾರೀಕು ತಿಳಿಸುವ ಪತ್ರ ಬಂದದ್ದೇ ಅವನು ಹಾರೆ ತಂದು ಬೆಂಚು ಕಿತ್ತ.

"ಇನ್ನು ಕೆಲಸ ಎಲ್ಲಿ ಮಾಡ್ತೀರಿ?" ಎಂದಳು ಹೆಂಡತಿ.

"ನೆಲ ಇದೆಯಲ್ಲ."

"ಈ ವಯಸ್ಸಲ್ಲಿ ನೆಲದ ಮೇಲಾ?"

"ನೀನು ಟೀಚರಮ್ಮ ಆದ್ಮೇಲೆ ನಂಗೊಂದು ಕುರ್ಚಿ ಕೊಡಿಸು ಬಿಡು."

ನಿನ್ನೆ ಮಧ್ಯಾಹ್ನ ಊಟ ಮಾಡಿ, ಸೊಂಟ ನೋವೆಂದು ಮೇಲೆ ಹೋಗಿ ಮಲಗಿದವನು ಏಳಲಿಲ್ಲ.

\* \* \*

ಹತ್ತೂವರೆಗೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಗಾಡಿಯವನೆಂದು ಎಲ್ಲರೂ ತಿರುಗಿದರು. ನಗರಸಭೆಯ ಅಳತೆಯವನು, ಕಂಕುಳಲ್ಲಿ ಫೈಲು.

"ಅರ್ಜಿದಾರರು..." ಎಂದವನು ಮಂಚ ಕಂಡು ಬಾಯಿ ಮುಚ್ಚಿದ. "ಗೊತ್ತಿರಲಿಲ್ಲ. ಇನ್ನೊಂದು ದಿನ ಬರ್ತೀನಮ್ಮ."

ಹೆಂಡತಿ ಎದ್ದಳು. "ಇನ್ನೊಂದು ದಿನ ಅಂದ್ರೆ ಯಾವಾಗ?"

ಅವನು ಫೈಲು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ. "ನಿಜ ಹೇಳ್ಬೇಕು ಅಂದ್ರೆ, ಅಳತೆಗೆ ಮುಂಚೆ ಅರ್ಜಿದಾರರು ತೀರಿಕೊಂಡ್ರು ಅಂತ ಆಫೀಸಲ್ಲಿ ದಾಖಲಾದ್ರೆ ಅರ್ಜೀನೂ ತೀರಿಕೊಂಡ ಹಾಗೇ. ಹೊಸದಾಗಿ ಹಾಕ್ಬೇಕು."

"ಅಳತೆ ಇವತ್ತೇ ಆಗಿಬಿಟ್ರೆ?"

"ಆದ್ರೆ ಫೈಲು ಮುಂದಕ್ಕೆ ಹೋಗತ್ತೆ. ಆಮೇಲೆ ನಿಮ್ಮ ಹೆಸರಿಗೆ ಮಾಡಿಸ್ಕೊಬಹುದು. ಆದ್ರೆ ನಂಗೆ ಹನ್ನೊಂದಕ್ಕೆ ಇನ್ನೊಂದು ಕಡೆ..."

"ಹಾಗಾದ್ರೆ ಈಗಲೇ ಅಳೀರಿ."

"ಅಕ್ಕಾ!" ಎಂದ ಭಾವಮೈದ. "ಭಾವನ್ನ ಮಧ್ಯ ಇಟ್ಕೊಂಡಾ? ಜನ ಏನಂದಾರು?"

"ಜನ ಕ್ಲಾಸಿಗೆ ಬರ್ತಾರೆ. ಬಾರದಿದ್ರೆ ನಾನೇನು ತಿನ್ಲಿ?"

ಭಾವಮೈದ ಬಾಗಿಲ ಕಡೆ ನೋಡಿದ. "ಹೋಗಲಿ, ಐದು ನಿಮಿಷ ಮಂಚ ಹೊರಗಿಡೋಣ್ವಾ?"

"ಫುಟ್‌ಪಾತ್ ಮೇಲೆ ಏನನ್ನೂ ಇಡೋ ಹಾಗಿಲ್ಲ," ಎಂದುಬಿಟ್ಟ ಅಳತೆಯವನು, ರೂಢಿಯ ಮಾತು. ಅಂದ ಮೇಲೆ ನಾಲಗೆ ಕಚ್ಚಿಕೊಂಡ, ಕಿವಿಯೆಲ್ಲ ಕೆಂಪಾಯಿತು. ಯಾರೂ ಮಂಚ ಮುಟ್ಟಲಿಲ್ಲ.

ಅಳತೆಯವನು ಚಪ್ಪಲಿ ಹೊರಗೆ ಬಿಟ್ಟು ಬಂದು ಜೇಬಿನಿಂದ ಉಕ್ಕಿನ ಟೇಪು ತೆಗೆದ. ಅದರ ತುದಿಯನ್ನು ಅವಳೇ ಹಿಡಿದು ಆಚೆ ಗೋಡೆಗೆ ಹೋಗಿ, ಹೆಬ್ಬೆರಳಿನಿಂದ ಒತ್ತಿ ನಿಂತಳು. ಟೇಪು ಗಂಡನ ಎದೆಯ ಮೇಲೆ ಹಾದುಹೋಯಿತು, ಒಂದು ಗೇಣು ಎತ್ತರದಲ್ಲಿ. ನಾಚಿಕೆಯಾಗಬೇಕಿತ್ತು. ಅವಳಿಗೆ ಏನೂ ಆಗುತ್ತಿರಲಿಲ್ಲ.

"ಜೋಲಬಾರದಮ್ಮ. ಸ್ವಲ್ಪ ಬಿಗಿಯಾಗಿ."

ಅವಳು ಬಿಗಿಯಾಗಿ ಎಳೆದಳು.

"ಹತ್ತು ಅಡಿ, ಒಂದಿಂಚು," ಎಂದು ಅವನು ಮೆಲ್ಲಗೆ ಹೇಳಿ ಬರೆದುಕೊಂಡ. "ಆಯ್ತಮ್ಮ. ಬಿಟ್ಬಿಡಿ."

ಬಿಟ್ಟರೆ ಟೇಪು ಚಟ್ಟನೆ ಸುತ್ತಿಕೊಳ್ಳುತ್ತಾ ಗಂಡನ ಮೇಲೆ ಬಡಿದುಕೊಂಡೇ ಹೋಗುತ್ತದೆ. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಅವಳು ಬಿಡಲಿಲ್ಲ. ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಡನ ಕಾಲ ಬಳಿಯಿಂದ ಮಂಚ ಬಳಸಿ, ಒಂದೊಂದೇ ಹೆಜ್ಜೆ ಇಡುತ್ತಾ ಅಳತೆಯವನ ಕಡೆ ನಡೆದಳು. ಟೇಪು ಇಂಚಿಂಚಾಗಿ, ಸದ್ದಿಲ್ಲದೆ ಡಬ್ಬಿಯೊಳಗೆ ಹೋಗುತ್ತಿತ್ತು.