ಕೊಳೆಯದ ಚೀಲ

ಎಂಬತ್ನಾಲ್ಕರ ಬೇಸಿಗೆಯಲ್ಲಿ ಬೇಗೂರು ಕೆರೆಯ ಮೀನಿಗೆ ಏನೋ ಆಗಿತ್ತು. ತಲೆ ದಪ್ಪ, ಮೈ ಸಣಕಲು. ಮೀನು ಮಾರುವ ಕೆಂಪಕ್ಕನ ಬುಟ್ಟಿ ನೋಡಿ ಜೆ.ಪಿ. ನಗರದ ಹೆಂಗಸರು ಮುಖ ತಿರುಗಿಸುತ್ತಿದ್ದರು. ಹೀಗೇ ಆದರೆ ಮೀನಿನ ಗುತ್ತಿಗೆಯನ್ನೇ ಬಿಡಬೇಕು ಎಂದು ಅವಳ ಗಂಡ ಪಿಳ್ಳಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಯಾರದೋ ಕಣ್ಣು ಬಿದ್ದಿದೆ ಎಂದು ಕೆಂಪಕ್ಕ ಕೆರೆ ಏರಿಯ ಮೇಲೆ ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಘಾಟಿಗೆ ಅವಳೇ ಸೀನಿದಳೇ ಹೊರತು ಮೀನು ದಪ್ಪವಾಗಲಿಲ್ಲ.

ಮೇವಿಗಂತೂ ಕೊರತೆ ಇರಲಿಲ್ಲ. ತೌಡು, ಹಿಂಡಿ ತುಂಬಿದ ಚೀಲಕ್ಕೆ ತೂತು ಹಾಕಿ, ನೀರಿನಲ್ಲಿ ನೆಟ್ಟ ಗೂಟಕ್ಕೆ ಕಟ್ಟುವುದು ಪಿಳ್ಳಣ್ಣನ ಪದ್ಧತಿ. ಗೋಣಿಚೀಲ ಬೇಗ ಕೊಳೆಯುತ್ತದೆಂದು, ಗೊಬ್ಬರದ ಪ್ಲಾಸ್ಟಿಕ್ ಚೀಲ ತೊಳೆದು ಕಟ್ಟಿಸಿದವಳು ಕೆಂಪಕ್ಕ. ಎರಡನೇ ಬೇಸಿಗೆಗೂ ದಡದಿಂದ ನೋಡಿದರೆ ಚೀಲ ಹಾಗೇ ಇತ್ತು. ಆ ಜಾಣತನವನ್ನು ಬೀದಿಗೆಲ್ಲ ಹೇಳಿಕೊಂಡಿದ್ದಳು.

ಒಂದು ದಿನ ಜೆ.ಪಿ. ನಗರದ ಜಯಶೀಲಾ ಮೇಡಂ ಅವಳನ್ನು ಕರೆದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವರು. ಮನೆಯಲ್ಲಿ ಲಿಂಗಪೂಜೆ, ಮೀನಿನ ವಾಸನೆ ಹೊಸಿಲು ದಾಟುವಂತಿಲ್ಲ. ಆದರೂ ವಿದ್ಯಾರ್ಥಿಗಳಿಗೆ ಸೀಳಿ ತೋರಿಸಲು ಆಗಾಗ ಮೀನು ಕೊಳ್ಳುತ್ತಿದ್ದರು. ಸೊರಗಿದ ಗೆಂಡೆ ಮೀನು ನೋಡಿ ಇದಕ್ಕೇನು ಕಾಯಿಲೆ ಎಂದು ಕೇಳಿದರು. ದೃಷ್ಟಿ ಎಂದಳು ಕೆಂಪಕ್ಕ. ಮೇಡಂ ವಾದ ಮಾಡಲಿಲ್ಲ. ಹಿತ್ತಲ ಕಲ್ಲಿನ ಮೇಲಿಟ್ಟು ಮೀನು ಸೀಳಿದರು.

ಕರುಳು ಗಟ್ಟಿಯಾಗಿ ತುಂಬಿತ್ತು.

"ನೋಡಿ ಮೇಡಂ, ನಾವೇನು ಉಪ್ವಾಸ ಕೆಡವಿಲ್ಲ" ಎಂದು ಕೆಂಪಕ್ಕ ಬೀಗಿದಳು.

ಮೇಡಂ ಅದನ್ನು ನೀರಿನ ಬಟ್ಟಲಿನಲ್ಲಿ ಬಿಡಿಸಿದರು. ತೌಡು ತಳಕ್ಕಿಳಿಯಿತು, ಬಿಳಿ ಎಳೆಗಳ ಚೂರು ತೇಲಿದವು. ಒಂದನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದ ಕೆಂಪಕ್ಕನಿಗೆ ಗುರುತು ಹತ್ತಿತು. ಅವಳೇ ತೊಳೆದ ಚೀಲದ್ದು.

"ಇದು ಕೊಳೆಯೋದಿಲ್ಲ ಕೆಂಪಕ್ಕ, ಬಿಸಿಲಿಗೆ ಪುಡಿಯಾಗ್ತಾ ಹೋಗತ್ತೆ. ಮೀನು ಮೇವು ಅಂತ ನುಂಗತ್ತೆ. ಹೊಟ್ಟೆ ತುಂಬತ್ತೆ, ಮೈಗೆ ಹತ್ತಲ್ಲ."

ಕಣ್ಣಿಗೆ ಕಾಣದಷ್ಟು ಸಣ್ಣ ಚೂರೂ ಇರುತ್ತವೆ, ಒಳಗೆ ಗಾಯ ಮಾಡುತ್ತವೆ, ನೀರಿನ ವಿಷ ಅವಕ್ಕೆ ಅಂಟಿ ಮೀನಿನ ಮೈ ಸೇರುತ್ತದೆ ಎಂದೂ ತಿಳಿಸಿದರು. ಕೋಡಿ ಬಿದ್ದ ನೀರು ಹಳ್ಳ, ಹೊಳೆ ಹಿಡಿದು ಕಡೆಗೆ ಸಮುದ್ರ ಸೇರುತ್ತದೆ. ಅಲ್ಲಿನ ಮೀನಿಗೂ ಹಕ್ಕಿಗೂ ಇದೇ ಗತಿ.

ಪಿಳ್ಳಣ್ಣ ನಂಬಲಿಲ್ಲ. ಮೀನು ತಿನ್ನದವರಿಗೆ ಮೀನಿನ ವಿಷಯ ಏನು ಗೊತ್ತು ಎಂದ. ಕೆಂಪಕ್ಕ ಮೊಣಕಾಲುದ್ದ ನೀರಿಗಿಳಿದು, ಬಿಸಿಲು ಕಂಡಿದ್ದ ಚೀಲದ ಬಾಯಿ ಉಜ್ಜಿದಳು. ಅಂಗೈ ತುಂಬ ಪುಡಿ. ಕೈಯಾರೆ ಉಣಿಸಿದೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಪಿಳ್ಳಣ್ಣ ಚೀಲಗಳನ್ನೆಲ್ಲ ಬಿಚ್ಚಿ ತಂದ. ನೀರಿಗೆ ಉದುರಿದ್ದನ್ನು ಆಯಲು ಮಾತ್ರ ಯಾರಿಂದಲೂ ಆಗಲಿಲ್ಲ.

"ಗೋಣಿಚೀಲ ಬೇಗ ಕೊಳ್ತೋಯ್ತದಲ್ಲ" ಎಂದ.

"ಕೊಳೀಲಿ ಬುಡು. ಕೊಳ್ತಿದ್ದನ್ನ ಕೆರೆ ಅರಗಿಸ್ಕೋತದೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೆ ಕೆರೆ ಇಲ್ಲದಿದ್ದರೂ ಮೋರಿ ಇದೆ. ಹಿತ್ತಲಲ್ಲಿ ಬಿಸಿಲಿಗೆ ಬಿದ್ದ ಹಳೇ ಪ್ಲಾಸ್ಟಿಕ್ ಚೀಲವನ್ನು ಇವತ್ತೇ ಉಜ್ಜಿ ನೋಡಿ. ಕೈಗೆ ಪುಡಿ ಬಂದರೆ ಆ ಚೀಲವನ್ನು ನೀರಿನ ಹತ್ತಿರ ಬಿಡಬೇಡಿ. ಆ ಪುಡಿ ಎಲ್ಲಿಗೆ ಹೋಗುತ್ತದೆಂದು ನಮಗೆ ಕಾಣುವುದಿಲ್ಲ. ಮೀನಿಗೆ ಕಾಣುತ್ತದೆ, ಮೇವಿನ ಹಾಗೆ.