ಕಾವ್ಯಳ ಎಡಗೈ

ಮಾರ್ಚ್ ಕೊನೆಯ ಬಿಸಿಲಿನಲ್ಲೂ ಕಾವ್ಯ ಮುಂಗೈ ಮುಚ್ಚುವಷ್ಟು ಉದ್ದ ತೋಳಿನ ಅಂಗಿ ಹಾಕಿದ್ದಳು. ಅನುಪಮಾಳಿಗೆ ಅನುಮಾನ ಹುಟ್ಟಿದ್ದು ಅಲ್ಲೇ.

ಅನುಪಮಾ ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ತಿಂಗಳಿಗೊಂದು ಶನಿವಾರ ಸಂಬಳವಿಲ್ಲದ ಇನ್ನೊಂದು ಕೆಲಸ: ಹೆತ್ತವರಿಲ್ಲದೆ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳನ್ನು ನೋಡಿಕೊಂಡು ಬಂದು, ತುಮಕೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವರ ಪರವಾಗಿ ಮಾತಾಡುವುದು. ಹತ್ತು ವರ್ಷದ ಕಾವ್ಯ ಗುಬ್ಬಿಯ ಬಸವಲಿಂಗಮ್ಮನವರ ಮನೆಗೆ ಬಂದು ಎಂಟು ತಿಂಗಳಾಗಿತ್ತು.

"ಹೇಗಿದೀಯಮ್ಮ?"

"ಚೆನ್ನಾಗಿದೀನಿ. ಹೊಟ್ಟೆ ತುಂಬ ಊಟ ಕೊಡ್ತಾರೆ. ಯಾರೂ ಹೊಡೆಯಲ್ಲ."

ಹೋದ ತಿಂಗಳೂ ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಯಾರೋ ಬಾಯಿಪಾಠ ಮಾಡಿಸಿದ ಹಾಗಿತ್ತು. ಬಸವಲಿಂಗಮ್ಮ ಬಾಗಿಲು ಬಿಟ್ಟು ಕದಲಿರಲಿಲ್ಲ.

"ಇವಳ ಹತ್ರ ನಾನೊಬ್ಳೇ ಮಾತಾಡ್ಬೇಕು."

"ನಾನಿದ್ರೆ ಏನ್ ಮೇಡಂ?" ಎನ್ನುತ್ತಲೇ ಅವರು ಒಳಗೆ ಹೋದರು. ಹೋಗುವಾಗ ಹುಡುಗಿಯ ಕಡೆ ಬೀರಿದ ನೋಟ ಅನುಪಮಾಳ ಕಣ್ಣಿಗೆ ಬಿತ್ತು.

"ಕೈ ತೋರಿಸ್ತೀಯಾ, ಪುಟ್ಟಿ?"

ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯ.

"ಯಾರು ಮಾಡಿದ್ದು?"

"ಯಾರೂ ಇಲ್ಲ. ಸಾರು ಚೆಲ್ತು."

"ಹೇಳ್ಬೇಡ ಅಂತ ಅವ್ವ ಅಂದ್ರಾ?"

"ನಾನೇ ಅವ್ವಂಗೆ ಹೇಳ್ಬೇಡ ಅಂದಿದ್ದು. ಕುಣಿಗಲ್ ಮನೇಗೂ ನೀವೇ ಬಂದಿದ್ರಿ. ಏನೋ ಬರ್ಕೊಂಡ್ರಿ. ಆಮೇಲೆ ಜೀಪ್ ಬಂತು."

ಇದಕ್ಕೆ ಮೊದಲು ಕಾವ್ಯ ಇದ್ದ ಕುಣಿಗಲ್ಲಿನ ಮನೆಯವರು ಮಗುವನ್ನು ಸ್ಕೂಲು ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ್ದರು. ಅಲ್ಲಿಂದ ಬಿಡಿಸಿ ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು ಅನುಪಮಾ. ಮಗುವಿಗೆ ನೆನಪಿದ್ದದ್ದು ಜೀಪು.

ಆದರೂ ಅನುಮಾನ ಹೋಗಲಿಲ್ಲ. ಇದನ್ನೂ ಹೇಳಿಕೊಟ್ಟಿರಬಹುದಲ್ಲ? ಗಾಯಕ್ಕೆ ಔಷಧಿ ಹಾಕಿದ್ದ ಕ್ಲಿನಿಕ್ಕಿಗೆ ನೇರ ಹೋದಳು. ಸಾರು ಚೆಲ್ಲಿದ ಗಾಯವೇ, ಅರ್ಧ ಗಂಟೆಯೊಳಗೆ ಬಸವಲಿಂಗಮ್ಮ ಮಗುವನ್ನು ಕರೆತಂದಿದ್ದರು ಎಂದರು ಡಾಕ್ಟರು. ಅಂದು ಆಟೋ ಹಿಡಿದುಕೊಟ್ಟಿದ್ದ ಪಕ್ಕದ ಮನೆಯ ಪುಟ್ಟರಂಗಯ್ಯನೂ ಅದನ್ನೇ ಹೇಳಿದ.

ಸಮಿತಿಯ ಮುಂದೆ ಅವಳು ಗಾಯದ ವಿಷಯ ಬಚ್ಚಿಡಲಿಲ್ಲ, ಡಾಕ್ಟರ ಮಾತನ್ನೂ ಬಿಡಲಿಲ್ಲ. ಬಸವಲಿಂಗಮ್ಮ ಎದ್ದು ನಿಂತರು.

"ಮುಚ್ಚಿಟ್ಟಿದ್ದು ತಪ್ಪೇ ಸ್ವಾಮಿ. ಎಲ್ಲಿ ಕರ್ಕೊಂಡ್ ಹೋಗ್ಬುಡ್ತಾರೋ ಅಂತ ನಂಗೂ ಭಯ ಆಯ್ತು."

ಮಗು ಅಲ್ಲೇ ಇರಲಿ ಎಂದು ಸಮಿತಿ ತೀರ್ಮಾನಿಸಿತು.

ಹೊರಗೆ ಬಂದ ಕಾವ್ಯ ಬಸವಲಿಂಗಮ್ಮನ ಹಿಂದೆ ಸರಿದು ನಿಂತಳು.

"ಮತ್ತೆ ಯಾವಾಗ ಬರ್ತೀರಿ?"

"ಮುಂದಿನ ತಿಂಗಳು."

"ಬರ್ದೇ ಇದ್ರೆ ಆಗಲ್ವಾ?"

"ಆಗಲ್ಲ ಕಣಮ್ಮ," ಎಂದಳು ಅನುಪಮಾ.