ಐದನೇ ನಂಬರಿನ ಅಂಗಿ

ಫುಟ್‌ಬಾಲ್ ಕ್ಲಬ್ಬಿನ ಆದಾಯದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಆಟಗಾರರ ಸಂಬಳಕ್ಕೆ ಹೋಗಕೂಡದೆಂಬುದು ಲೀಗಿನ ನಿಯಮ. ಆ ವರ್ಷ ಎಪ್ಪತ್ತಾರು ಮುಟ್ಟಿತ್ತು. ಗೋಲು ಹೊಡೆಯುವವನನ್ನು ಮುಟ್ಟುವಂತಿಲ್ಲ. ಅವನ ಮುಖ ಊರಿನ ಬಸ್ಸುಗಳ ಮೇಲೆಲ್ಲ ಇತ್ತು. ಕತ್ತರಿ ಯಾವಾಗಲೂ ಕಾಲಿನ ಕಡೆಯಿಂದಲೇ ಶುರುವಾಗುತ್ತದೆ. ಮ್ಯಾನೇಜರ್ ಕರಾರುಗಳನ್ನು ಒಂದೊಂದಾಗಿ ಜಾಲಾಡಿ ಗೋಡೆಯ ಹತ್ತಿರ ಬಂದು ನಿಂತ.

ಗೋಡೆ ಎಂದರೆ ಹಿಂದಿನ ಸಾಲಿನ ಆಟಗಾರ. ಎದುರಾಳಿಗಳು ಅವನಿಗೆ ಡಿಕ್ಕಿ ಹೊಡೆದು ಬೀಳುತ್ತಿದ್ದುದರಿಂದ ಆ ಹೆಸರು. ಒಂದು ಋತುವಿನಲ್ಲಿ ಇಪ್ಪತ್ತು ಪಂದ್ಯ ಆಡಿದರೆ ಅವನ ಕರಾರು ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯಬೇಕು. ಒಂದು ನಿಮಿಷ ಆಡಿದರೂ ಪಂದ್ಯವೇ. ಹತ್ತೊಂಬತ್ತು ಆಡಿದ್ದ, ಕೊನೆಯ ಆರನ್ನು ಮಂಡಿಗೆ ಸೂಜಿ ಚುಚ್ಚಿಸಿಕೊಂಡು. ಆ ಮಂಡಿಯ ಆಪರೇಷನ್ನಿಗೆ ಕ್ಲಬ್ಬು ದುಡ್ಡು ಕೊಡುವುದು ಕರಾರು ಇದ್ದರೆ ಮಾತ್ರ. ಉಳಿದಿದ್ದದ್ದು ಒಂದೇ ಪಂದ್ಯ.

ಆ ಪಂದ್ಯದ ದಿನ ಬೆಳಿಗ್ಗೆ ಮ್ಯಾನೇಜರ್ ಗ್ಯಾಲರಿಯ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಬಂದ. ಕಿಟಕಿ ಇಲ್ಲ, ಮೂರು ಮೆಷಿನ್ನು. ಹದಿನಾಲ್ಕು ವರ್ಷದಿಂದ ಅಲ್ಲಿ ದುಡಿಯುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯನಾದ ಮ್ಯಾನೇಜರೂ.

"ಅಕ್ಕಾ, ಐದನೇ ನಂಬರಿನ ಅಂಗಿ ಇವತ್ತು ನೆನೆಸಿಡು."

"ಮಡಿಸಿಟ್ಟಾಯ್ತಲ್ಲ ಸಾರ್."

"ಮತ್ತೆ ನೆನೆಸು. ಗೋಡೇನ ಆಡಿಸ್ಬೇಡ ಅಂತ ಕೋಚ್‌ಗೆ ಬಾಯಿಬಿಟ್ಟು ಹೇಳಿದ್ರೆ ನಾಳೆ ಕೋರ್ಟು ಕಚೇರಿ ಅಲೀಬೇಕು. ಅಂಗಿ ಒಣಗ್ಲಿಲ್ಲ, ನಂಬರಿಲ್ದೆ ರೆಫರಿ ಬಿಡ್ಲಿಲ್ಲ ಅಂದ್ರೆ ಯಾರ ತಪ್ಪೂ ಅಲ್ಲ."

"ನನ್ನ ತಪ್ಪಾಗುತ್ತೆ."

"ನಿನ್ನ ಯಾರು ಕೇಳ್ತಾರೆ? ನೀನು ಸಂಬಳದ ಪಟ್ಟೀಲೇ ಇಲ್ಲ. ಸೋಪು, ನೀರು, ಇತರೆ ಅಂತ ಒಂದು ಸಾಲಿದೆ. ಅದ್ರಲ್ಲಿ ಇತರೆ ನೀನು."

"ಸದ್ಯ, ಸೋಪಿನ ಪಕ್ಕಾನಾದ್ರೂ ಜಾಗ ಕೊಟ್ಟಿದೀರಲ್ಲ," ಎಂದು ಅಕ್ಕ ನಕ್ಕಳು. ಅವನು ಹೋದ ಮೇಲೆ ಬಕೆಟ್ಟಿಗೆ ನೀರು ಬಿಟ್ಟಳು.

ಪಂದ್ಯದ ಎಂಬತ್ತೆರಡನೇ ನಿಮಿಷದಲ್ಲಿ ಹಿಂದಿನ ಸಾಲಿನವನೊಬ್ಬ ಕುಂಟುತ್ತ ಹೊರಬಂದ. ಬೆಂಚಿನಲ್ಲಿ ಆ ಜಾಗಕ್ಕೆ, ಮಂಡಿ ನೋವೆಂದು ಕೂರಿಸಿದ್ದ ಗೋಡೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಗೋಡೆ, ಎದ್ದೇಳೋ!" ಕೋಚ್ ಕೂಗಿದ.

ಗೋಡೆ ಜಾಕೆಟ್ಟು ಬಿಚ್ಚಿದ. ಒಳಗೆ ಬರೀ ಬನಿಯನ್ನು.

"ಅಂಗಿ ಎಲ್ಲೋ?"

"ಒಣಗಿಲ್ವಂತೆ."

"ಈ ಬಿಸಿಲಲ್ಲಾ? ಏನು, ನಿಮ್ಮ ಮಾವನ ಮನೆ ಮದುವೇನಾ ಇದು, ನಿಧಾನಕ್ಕೆ ಬರೋಕೆ?"

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಅಕ್ಕ ಬಂದಳು. ಕೈಯಲ್ಲಿದ್ದ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೆನೆಸು ಅಂದ್ರು, ನೆನೆಸಿದೀನಿ," ಎಂದಳು. "ಒದ್ದೆ ಹಾಕ್ಕೊಂಡು ಆಡ್ಬಾರ್ದು ಅಂತ ಯಾರೂ ಹೇಳ್ಲಿಲ್ಲ."

ರೆಫರಿ ಬೆನ್ನ ಮೇಲಿನ ಐದನ್ನು ನೋಡಿ ತಲೆಯಾಡಿಸಿದ. ಗೋಡೆ ಉಳಿದ ನಿಮಿಷಗಳಲ್ಲಿ ಚೆಂಡನ್ನು ಎರಡು ಸಲ ಮುಟ್ಟಿದ. ಕ್ಲಬ್ಬು ಸೋತಿತು. ರೆಫರಿಯ ಹಾಳೆಯಲ್ಲಿ ಅವನ ಹೆಸರು ಬಿತ್ತು, ಇಪ್ಪತ್ತನೇ ಪಂದ್ಯ.

ಸಂಬಳ ಎಪ್ಪತ್ತಾರರಲ್ಲೇ ನಿಂತಿತು. ಲೀಗು ದಂಡ ಹಾಕಿತು. ಗೋಲು ಹೊಡೆಯುವವನಿಗೆ ಬಸ್ಸಿನ ಮೇಲಿನ ಮುಖದ ಬಾಬ್ತು ಹೊಸ ಕರಾರಾಯಿತು. ದಂಡವನ್ನು 'ಇತರೆ'ಯಿಂದ ಕಳೆದರು. ಬಟ್ಟೆ ಒಗೆಯುವ ಕೆಲಸ ಹೊರಗಿನ ಕಂಪನಿಗೆ ಹೋಯಿತು.

ಕೊನೆಯ ದಿನ ಅಕ್ಕ ಚೀಲ ಹಿಡಿದು ಗೇಟಿಗೆ ಬಂದಾಗ ಗೋಡೆ ಊರುಗೋಲಿನ ಮೇಲೆ ನಿಂತಿದ್ದ. ಆಪರೇಷನ್ ಆಗಿ ಹನ್ನೆರಡು ದಿನ.

"ಅಕ್ಕಾ, ನನ್ನಿಂದ ನಿಮ್ಗೆ..."

"ಅದಿರ್ಲಿ. ಮಂಡಿ ಮಡಚು, ನೋಡೋಣ."

ಅವನು ಹಲ್ಲು ಕಚ್ಚಿ ಮಡಚಿದ. ಅರ್ಧಕ್ಕೆ ನಿಂತಿತು.

"ಇನ್ನೂ ಸ್ವಲ್ಪ," ಎಂದಳು ಅಕ್ಕ, ಚೀಲ ಕೆಳಗಿಟ್ಟು.